ನಿಮ್ಮ ಲೆಕ್ಕದಲ್ಲಿ ಇಂದು

ಯೆರೂಸಲೇಮ್, ಕೆಳಪೇಟೆ
ಇಯ್ಯಾರ್ ತಿಂಗಳ ಹದಿನೆಂಟು
(ನಿಮ್ಮ ಲೆಕ್ಕದಲ್ಲಿ ಎಷ್ಟೋ, ನನಗದು ಬೇಕಿಲ್ಲ.)

ನೂರು ಮಂದಿ ಸಹೋದರರ ನಡುವೆ ಸುಖವಾಗಿರುವ ಯಾಕೀಮರಿಗೆ, ಇರುವ ಒಬ್ಬಳೇ ಹೆಂಡತಿ ಶಪ್ಪೀರಾ ಮಾಡುವ ವಂದನೆಗಳು.

ಬರುವ ವಾರಗಳ ಹಬ್ಬಕ್ಕೆ ನಿಮ್ಮ ಮೂರು ವರ್ಷದ ಪರೀಕ್ಷೆ ಮುಗಿಯುತ್ತದೆ, ಉಪ್ಪುಸಮುದ್ರದ ದಡದ ಎಸ್ಸೇನ ವ್ರತಧಾರಿಗಳ ಪಂಕ್ತಿಯಲ್ಲಿ ಕೂತು ಅವರ ಬಟ್ಟಲು ಎತ್ತುತ್ತೀರಿ ಎಂದು ಖರ್ಜೂರದ ವ್ಯಾಪಾರಿ ಹನಮೇಲ ಹೇಳಿದ. ಆಣೆಯಿಟ್ಟು ಆ ಬಟ್ಟಲು ಕುಡಿದವನು ಆಮೇಲೆ ಹೊರಗಿನವರ ಕೈಯ ರೊಟ್ಟಿ ಮುಟ್ಟುವಂತಿಲ್ಲವಂತೆ. ನಾನು ಹೊರಗಿನವಳು. ಮದುವೆಯಾಗಿ ಹದಿನಾಲ್ಕು ವರ್ಷವಾದ ಹೊರಗಿನವಳು.

ನನಗೆ ಹೊಟ್ಟೆಕಿಚ್ಚಿಲ್ಲ. ಗಂಡ ಇನ್ನೊಬ್ಬಳ ಹಿಂದೆ ಹೋದರೆ ಜುಟ್ಟು ಹಿಡಿದು ಜಗಳವಾಡಲು ಒಬ್ಬಳಾದರೂ ಸಿಗುತ್ತಾಳೆ. ನನ್ನ ಪಾಲಿಗೆ ಬಂದದ್ದು ಬಿಳಿಬಟ್ಟೆಯ ನೂರು ಗಂಡಸರು, ಅವರಲ್ಲೂ ಅರ್ಧ ಬೋಳುತಲೆ.

ಎಲ್ಲ ಶುರುವಾದದ್ದು ನಮ್ಮ ಊಟದ ಚಾಪೆಯ ಮೇಲೆಯೇ. ಹಬ್ಬದ ದಿನ ಎಣಿಸಲು ಫರಿಸಾಯ ಪಂಥದ ನನ್ನ ಅಪ್ಪನಿಗೆ ಚಂದ್ರನ ಚಿಂತೆ, ನಿಮಗೆ ಸೂರ್ಯನ ಸಂತೆ. "ಚಂದ್ರ ಕಂಡ್ರೆ ತಿಂಗಳು ಕಣಪ್ಪಾ, ನೋಡಿದೋರ ಸಾಕ್ಷಿ ಇರತ್ತೆ" ಅಂದರು ಅಪ್ಪ. "ಸಾಕ್ಷಿ ಕಣ್ಣಿಗೆ ಮೋಡ ಬಂದ್ರೆ ದೇವ್ರು ಹಬ್ಬಕ್ಕೆ ಕಾಯ್ತಾ ಕೂರ್ಬೇಕಾ ಮಾವ?" ಅಂದಿರಿ ನೀವು. ದೇವಾಲಯವನ್ನೇ ಹಿಡಿದು ಕೂತ ಸದ್ದುಕಾಯ ಪುರೋಹಿತರನ್ನು ಬೈಯುವಾಗ ಮಾತ್ರ ಇಬ್ಬರದೂ ಒಂದೇ ದನಿ. ಆ ಹೊತ್ತು ನೋಡಿ ನಾನು ರೊಟ್ಟಿ ಬಡಿಸುತ್ತಿದ್ದೆ.

ಕಳೆದ ಪರ್ಣಶಾಲೆಗಳ ಹಬ್ಬದ ವಾರದಲ್ಲಿ ಜೇನುರೊಟ್ಟಿ ಕಟ್ಟಿಕೊಂಡು, ಹನಮೇಲನ ಕತ್ತೆಯ ಹಿಂದೆ ಉಪ್ಪುಸಮುದ್ರದ ತನಕ ಬಂದೆ. ಬಾಗಿಲು ಕಾಯುವವರು ಬುತ್ತಿಯನ್ನು ಕಂಡು ಹಾವು ಕಂಡಂತೆ ಹಿಂದೆ ಸರಿದರು. "ಏನಮ್ಮಾ, ಇವತ್ತು ನಮ್ಗೆ ದೋಷಪರಿಹಾರದ ಉಪವಾಸ. ಇವತ್ತೇ ಸಿಹಿ ತರೋದಾ?" ಅಂದರು. ನಮ್ಮ ಊರಿನಲ್ಲಿ ಆ ಉಪವಾಸ ಮುಗಿದು ಎಂಟು ದಿನವಾಗಿತ್ತು. ನನ್ನ ಹಬ್ಬ ಹೋಗಿ ನಿಮ್ಮ ಉಪವಾಸದ ಮೇಲೆ ಬಿದ್ದಿತ್ತು.

ದೂರದಲ್ಲಿ ನಿಮ್ಮನ್ನು ಕಂಡೆ. ಹಸಿವಿನಿಂದ ತೂರಾಡುತ್ತಿದ್ದ ಹಲ್ಲಿಲ್ಲದ ಮುದುಕರೊಬ್ಬರನ್ನು ತೋಳಿನಲ್ಲಿ ಆತುಕೊಂಡಿದ್ದಿರಿ. ನನಗೆ ಜ್ವರ ಬಂದ ವಾರ ನೀವು ಅಪ್ಪನ ಜೊತೆ ಚಂದ್ರನ ಮೇಲಿದ್ದಿರಿ. ಆ ಮುದುಕರಿಗೆ ದೇವರು ಒಳ್ಳೆಯದು ಮಾಡಲಿ. ಆದರೆ ಆ ತೋಳು ನನ್ನದು.

ಜೇನುರೊಟ್ಟಿಯನ್ನು ದಾರಿಯಲ್ಲಿ ನಾನೇ ತಿಂದು ಮುಗಿಸಿದೆ. ಕತ್ತೆಗೂ ಕೊಡಲಿಲ್ಲ.

ಈ ಪತ್ರವನ್ನು ನಿಮ್ಮ ಮೇಲ್ವಿಚಾರಕರು ಮೊದಲು ಓದುತ್ತಾರಂತೆ. ಓದಲಿ. ಅಲ್ಲಿ ಊಟದ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲವಂತೆ. ಇಲ್ಲಿ ಉಪ್ಪು ಕಡಿಮೆ ಎನ್ನಲು ಯಾರೂ ಇಲ್ಲ. ಬಟ್ಟಲು ಎತ್ತುವ ಮುಂಚೆ ಒಮ್ಮೆ ಬಂದು ಅದನ್ನಾದರೂ ಹೇಳಿ. ಅಪ್ಪನ ಬಾಯಿಗೆ ಬೀಗ ಹಾಕುವ ಕೆಲಸ ನನಗಿರಲಿ.

ಹೊಟ್ಟೆಕಿಚ್ಚಿಲ್ಲದ
ಶಪ್ಪೀರಾ

ತಾ.ಕ.: ನಿಮ್ಮ ಲೆಕ್ಕದಲ್ಲಿ ಇಂದು ಮೂರನೇ ತಿಂಗಳ ನಾಲ್ಕು, ಬುಧವಾರ. ಬಟ್ಟಲಿಗೆ ಇನ್ನು ಹನ್ನೊಂದು ದಿನ. ನಿಮ್ಮ ಬಾಗಿಲಿಂದ ಮರಳಿದಾಗಿನಿಂದ ಹಿಟ್ಟಿನ ಗಡಿಗೆಯ ಹಿಂದಿನ ಗೋಡೆಗೆ ದಿನಕ್ಕೊಂದು ಇದ್ದಿಲಗೀರು ಎಳೆಯುತ್ತಿದ್ದೇನೆ. ಜೇನುರೊಟ್ಟಿ ತಿಂದದ್ದು ಕತ್ತೆ. ನಾನು ಅಂದು ನಕ್ಷತ್ರ ಮೂಡುವ ತನಕ ಬಾಯಿಗೆ ನೀರೂ ಹಾಕಲಿಲ್ಲ. ಹಬ್ಬದ ವಾರದಲ್ಲಿ ಮಗಳು ಉಪವಾಸವಿದ್ದಳೆಂದು ಅಪ್ಪನಿಗೆ ತಿಳಿಯುವುದು ಬೇಡ.