ಜೋಗುಳದಲ್ಲಿ ಕೂತ ಪಾಪು

ಕೇಪ್ ಸೇಂಟ್ ಜಾರ್ಜ್, ನ್ಯೂಫೌಂಡ್‌ಲ್ಯಾಂಡ್
ಶುಕ್ರವಾರ, ೪ ಮಾರ್ಚ್ ೧೯೯೪

ಪ್ರೀತಿಯ ಎಲೊದಿ ಅಕ್ಕಾ,

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಒಂದು ತುಂಡು ಒಣ ಬ್ರೆಡ್ಡು, ಹಾಲಿಲ್ಲದ ಟೀ, ಅಷ್ಟೇ. ಒಲೆಗೆ ಸೌದೆ ತುಂಬಿ, ಅಮ್ಮನ ಮೈ ಒರೆಸಿ, ಹಾಸಿಗೆಬಟ್ಟೆ ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹರವಿ ಈಗ ಕೂತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಆ ಮಠದ ಕಲ್ಲುನೆಲದ ಮೇಲೆ ಪ್ರಾರ್ಥನೆಗೆ ಕೂರುವಾಗ ಮಂಡಿಯ ಕೆಳಗೆ ಏನಾದರೂ ಹಾಕಿಕೋ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಈ ನಲವತ್ತು ದಿನ ನಿಮಗೆ ಪತ್ರ ಕೊಡುವುದಿಲ್ಲವೆಂದು ಗೊತ್ತು. ಇದೊಂದನ್ನು ದಯವಿಟ್ಟು ಕೊಡಿ ಎಂದು ನಿಮ್ಮ ಹಿರಿಯ ಮದರ್‌ಗೆ ಬೇರೆ ಚೀಟಿ ಬರೆದಿದ್ದೇನೆ.

ಕ್ರಿಸ್‌ಮಸ್ಸಿಗೆ ಲಕ್ವ ಹೊಡೆದಾಗಿನಿಂದ ಅಮ್ಮನ ಇಂಗ್ಲಿಷ್ ಪೂರ್ತಿ ಹೋಯಿತೆಂದು ಬರೆದಿದ್ದೆನಲ್ಲ. ಈಗ ಬರುವುದೆಲ್ಲ ಫ್ರೆಂಚ್. ಶಾಲೆಯಲ್ಲಿ ಆ ಮಾತಾಡಿ ನೀನು ಏಟು ತಿಂದು ಬಂದ ಮೇಲೆ ಅಮ್ಮ ನನಗೆ ಅದರ ಒಂದು ಪದವನ್ನೂ ಕಲಿಸಲಿಲ್ಲ. ಹಾಗಾಗಿ ಐವತ್ತು ವರ್ಷದ ನಾನು ಹೆತ್ತವಳ ಮುಂದೆ ಕಿವುಡಿಯ ಹಾಗೆ ಕೂತಿರುತ್ತೇನೆ. ಈಗ ನನಗೆ ಅರ್ಥ ಹೇಳುವವಳು ಮೊಮ್ಮಗಳು ಕೋರಾ, ಐದು ವರ್ಷದವಳು. ಅವಳ ಶಿಶುವಿಹಾರದಲ್ಲಿ ಬಾಗಿಲು ದಾಟಿದರೆ ಎಲ್ಲವೂ ಫ್ರೆಂಚಿನಲ್ಲೇ, ಒಂದಕ್ಕೆ ಹೋಗುವುದಿದ್ದರೂ ಅದರಲ್ಲೇ ಕೇಳಬೇಕು. ಹೊಸ ಪದ ಹೇಳಿದರೆ ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಾರೆ. ಸೌದೆ ತಂದುಹಾಕುವ ಪಕ್ಕದ ಮನೆಯ ಥಿಯೋಫಿಲ್ ಅದನ್ನು ನೋಡಿ, “ನಮಗೆ ಹೊಡ್ದು ಬಿಡ್ಸಿದ ಮಾತನ್ನ ಇವಕ್ಕೆ ನಕ್ಷತ್ರ ಕೊಟ್ಟು ಕಲಿಸ್ತಾರೆ. ನನಗೀಗ ಉಳ್ದಿರೋದು ಬೈಗುಳ, ಮನೆ ಸಾಮಾನಿನ ಹೆಸರು, ಅಷ್ಟೇ ಕಣೇ ತಂಗಿ” ಅಂದ.

ಈ ವಾರ ಕೋರಾ ಕಲಿತದ್ದನ್ನೆಲ್ಲ ಅಮ್ಮನ ಹಾಸಿಗೆಯ ಪಕ್ಕ ಒಪ್ಪಿಸಿದಳು. ಸೋಮವಾರ ತಲೆ, ಭುಜ ಮುಟ್ಟಿಕೊಂಡು ಕುಣಿದರಂತೆ. ಮಂಗಳವಾರ ತೊಟ್ಟಿಯಲ್ಲಿ ನೀರಾಟ, ಅಂಗಿಯೆಲ್ಲ ಒದ್ದೆ. ಬುಧವಾರ ಗೊಂಬೆಗೆ ಕೋಟು ತೊಡಿಸಿ ಒಳಗೆ, ಹೊರಗೆ, ಚಳಿ ಅನ್ನುವ ಪದಗಳು. ನಿನ್ನೆ ಗೊಂಬೆಗಳನ್ನು ಮಲಗಿಸಿ ಜೋಗುಳ. ಜೋಗುಳಕ್ಕೆ ‘ಬೆರ್ಸೂಸ್’ ಅನ್ನಬೇಕಂತೆ. ಆ ಪದ ಕಿವಿಗೆ ಬಿದ್ದದ್ದೇ ತಡ ಅಮ್ಮ ಮಗುವಿನ ಕೈ ಹಿಡಿದು, ಒಲೆಯ ಕಡೆ ಬೆರಳು ತೋರಿಸಿ ಏನೇನೋ ಹೇಳಿದಳು. ಕೋರಾ ಪಾಠ ಒಪ್ಪಿಸುವ ದನಿಯಲ್ಲೇ ತಿಳಿಸಿದಳು: “ಜೋಗುಳದಲ್ಲಿ ಒಂದು ಪಾಪು ಕೂತಿದೆಯಂತೆ ಅಜ್ಜಿ. ಅದಕ್ಕೆ ಚಳಿಯಂತೆ. ಅದರ ತಲೆ ಮೇಲೆ ನೀರಿಲ್ಲ, ಅದಕ್ಕೇ ಹೊರಗಂತೆ.” ಆಮೇಲೆ ಅಮ್ಮ ಅಂದದ್ದು ಎರಡೇ ಪದ, ಅದನ್ನೂ ಕೋರಾಳೇ ಹೇಳಿದಳು: ಎಲೊದಿಗೆ ಗೊತ್ತು.

ಹಾಡಿನೊಳಗೆ ಮಗು ಕೂರುವುದೆಂದರೇನು? ಕಾಯಿಲೆಯ ಬಡಬಡಿಕೆಯಿರಬೇಕೆಂದು ಜಪಮಾಲೆ ಹಿಡಿದು ಮಲಗಿದೆ. ಬೆಳಿಗ್ಗೆ ಥಿಯೋಫಿಲ್‌ಗೆ ಹೇಳಿದರೆ ಅವನು ನಗಲಿಲ್ಲ. “ಅದು ಟೀಚರಮ್ಮನ ಫ್ರೆಂಚು. ನಮ್ಮೋರು ಬೆರ್ಸೂಸ್ ಅಂದ್ರೆ ತೂಗುಕುರ್ಚಿ” ಅಂದ.

ಒಲೆಯ ಪಕ್ಕದ ಅಮ್ಮನ ತೂಗುಕುರ್ಚಿ ನಿನಗೆ ನೆನಪಿದೆಯಲ್ಲ. ಎರಡು ತಿಂಗಳಿಂದ ಅದರಲ್ಲಿ ಯಾರೂ ಕೂತಿಲ್ಲ. ನಾನು ಕೂರಲು ಹೋದರೆ ಅಮ್ಮ ಕೂಗುತ್ತಿದ್ದಳು. ಏಕೆಂದು ಈಗ ತಿಳಿಯಿತು. ಹುಚ್ಚಿಯೆನ್ನಬೇಡ ಅಕ್ಕಾ, ಬರೆಯಲು ಕೂರುವ ಮೊದಲು ಅದಕ್ಕೊಂದು ಕಂಬಳಿ ಹೊದಿಸಿ ಬಂದೆ. ಕೈಗೆ ತಣ್ಣಗೆ ತಗುಲಿತು, ಒಲೆಯ ಪಕ್ಕದಲ್ಲಿದ್ದೂ.

ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ. ಮಠದವರಿಗೆಲ್ಲ ನನ್ನ ನಮಸ್ಕಾರ. ಕೋರಾ ಮುತ್ತು ಕಳಿಸಿದ್ದಾಳೆ.

ನಿನ್ನ ತಂಗಿ,
ಆಗ್ನೆಸ್

ತಾ.ಕ.: ನೇರವಾಗಿ ಕೇಳುತ್ತೇನೆ. ನಾನು ಹುಟ್ಟುವ ಮೊದಲು ಇನ್ನೊಂದು ಮಗುವಿತ್ತೇ? ತಲೆಗೆ ನೀರು ಹಾಕಿ ಜ್ಞಾನಸ್ನಾನ ಮಾಡಿಸುವ ಮೊದಲೇ ಸತ್ತಿತೆಂದು ಗೋರಿಗಳ ಬೇಲಿಯ ಹೊರಗೆ ಹೂತರೇ? ಆಗ ನಿನಗೆ ಎಂಟು ವರ್ಷವಾದರೂ ಆಗಿರಬೇಕು. ಹೋದ ಭಾನುವಾರ ಪಾದ್ರಿಗಳು ಪ್ರಸಾದ ತಂದಾಗ ಅಮ್ಮ ತುಟಿ ಬಿಗಿದು ಮುಖ ತಿರುಗಿಸಿದ್ದೂ ಇದಕ್ಕೇ ಇರಬೇಕು. ಈಸ್ಟರ್ ಹಬ್ಬದವರೆಗೆ ಉಳಿಯುವುದು ಅನುಮಾನವೆಂದು ಡಾಕ್ಟರು ಹೇಳಿದ್ದಾರೆ. ಜಾಗ ತೋರಿಸಿದರೆ ಆ ಮಣ್ಣನ್ನು ಮಂತ್ರಿಸಿ, ಅಮ್ಮನನ್ನೂ ಅಲ್ಲೇ ಮಲಗಿಸೋಣ ಎಂದು ಇವತ್ತು ಮಧ್ಯಾಹ್ನ ಅಮ್ಮನನ್ನು ನೋಡಲು ಬಂದ ಪಾದ್ರಿಗಳು ಒಪ್ಪಿದ್ದಾರೆ. ಬೇಲಿಯ ಯಾವ ಕಡೆ, ಅಷ್ಟನ್ನೇ ಬರೆ. ಹೆಸರಿಟ್ಟಿದ್ದರೆ ಅದನ್ನೂ ಬರೆ, ಕರೆಯಬೇಕು. ಅಮ್ಮನನ್ನು ಬಿಟ್ಟು ನಾನು ಹೊರಡುವಂತಿಲ್ಲ. ದಿನಾ ಅಂಚೆಕಚೇರಿಗೆ ಹೋಗಿ ನಿನ್ನ ಉತ್ತರ ಬಂದ ಕೂಡಲೇ ತಂದುಕೊಡು ಎಂದು ಥಿಯೋಫಿಲ್‌ನನ್ನು ಕೇಳಿಕೊಂಡಿದ್ದೇನೆ.