ಹುಳದ ಮನೆಯ ಕ್ರಿಸ್‌ಮಸ್

ಗುಂಡ್ಲುಪೇಟೆ,
26-12-2024, ಗುರುವಾರ ಬೆಳಿಗ್ಗೆ

ಪ್ರೀತಿಯ ಗುರುಮಲ್ಲಿ,

ನಿನ್ನ ಮಂಡಿನೋವು ಹೇಗಿದೆ? ಈ ಚಳಿಗೆ ಹೆಚ್ಚಾಗಿರಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ನಿಮ್ಮಕ್ಕನ ಕಾಲು ಒತ್ತುವುದರಲ್ಲಿ ನಿನ್ನ ಕಾಲನ್ನೇ ಮರೆತಿದ್ದೀಯೋ? ದೊಡ್ಡಮಲ್ಲಮ್ಮಕ್ಕ ಈಗ ಗೋಡೆ ಹಿಡಿದು ನಿಲ್ಲುತ್ತಾರೆ ಎಂದು ಮಗ ಕನಕರಾಜು ಬಂದು ಹೇಳಿದ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡವರು ಎದ್ದು ನಿಂತರೆಂದರೆ ಸಣ್ಣ ಮಾತಲ್ಲ. ಹಿತ್ತಲ ಬಚ್ಚಲಿಗೆ ಮೆಟ್ಟಿಲು ಇಳಿಸುವಾಗ ಮಾತ್ರ ಜೋಪಾನ, ನೀನೂ ಜಾರಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಸೊಸೆ ಸುಧಾಮಣಿ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಾಳೆ, ಬಿ.ಪಿ. ಮಾತ್ರೆಯನ್ನು ಎದುರಿಗೇ ನಿಂತು ನುಂಗಿಸುತ್ತಾಳೆ. ಅದು ನೀನು ಹೇಳಿಕೊಟ್ಟ ವಿದ್ಯೆಯೇ ಇರಬೇಕು.

ಬಸ್ಸು ಹತ್ತಿದರೆ ಊಟದ ಹೊತ್ತಿಗೆ ತಲುಪುವ ಊರಿಗೆ ಕಾಗದ ಯಾಕೆ ಎಂದು ನಗಬೇಡ. ಹೋದ ವಾರ ಫೋನಿನಲ್ಲಿ ನೀನೇ ಅಂದೆಯಲ್ಲ: "ನೀವು ಮಾತಾಡದು ಕರೆಂಟ್ ಆಪೀಸ್ಗೆ ಕಂಪ್ಲೇಂಟ್ ಕೊಟ್ಟಂಗದೆ ಕಣ." ಲೈನ್‌ಮನ್ ಕೆಲಸದಿಂದ ನಿವೃತ್ತನಾಗಿ ಇಷ್ಟು ವರ್ಷವಾದರೂ ಫೋನು ಕೈಗೆ ಬಂದರೆ ಯಾವ ಕಂಬ, ಯಾವ ಬೀದಿ ಎಂದು ಕೇಳಿ ಇಟ್ಟುಬಿಡುವ ಅಭ್ಯಾಸ ಹೋಗಿಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಕನಕರಾಜು ಇವತ್ತು ಕೆಲಸಕ್ಕೆ ಹೋಗುವಾಗ ಹರದನಹಳ್ಳಿಗೆ ಬಂದು ಕೊಟ್ಟು ಹೋಗುತ್ತಾನೆ. ಸಾವಕಾಶವಾಗಿ ಓದು, ಅಕ್ಕನಿಗೂ ಓದಿ ಹೇಳು. ನಮ್ಮ ಮನೆಯಲ್ಲಿ ನಡೆದದ್ದು ಅಂಥ ಸಂಗತಿ.

ನೀನು ಅಲ್ಲಿಗೆ ಹೋದಾಗ ಸುಧಾಮಣಿ ಈ ಹೊಸ ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತಷ್ಟೇ. ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾಳೆ ಎಂದು ನಿನಗೂ ಸರಿಯಾಗಿ ತಿಳಿದಿರಲಿಲ್ಲ, ನನಗೂ ಇಲ್ಲ. ನೀನು ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯಲ್ಲಿ, ನಾವು ಇನ್ನೂ ಹುಳದ ಮನೆ ಎಂದೇ ಕರೆಯುವ ಅದೇ ಕೋಣೆಯಲ್ಲಿ, ಕಂಪ್ಯೂಟರ್ ಇಟ್ಟುಕೊಂಡು ಎಲ್ಲೆಲ್ಲೋ ಇರುವ ಕನ್ನಡದವರ ಮೂರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಒಂದು ಮಗು ಹುಬ್ಬಳ್ಳಿಯಲ್ಲಿದ್ದರೆ ಇನ್ನೊಂದು ತಿರುಪ್ಪೂರಿನಲ್ಲಿ, ಮತ್ತೊಂದು ಕೊಚ್ಚಿಯಲ್ಲಿ. ಎಲ್ಲರೂ ಒಂದೇ ಪರದೆಯ ಮೇಲೆ ಪುಟ್ಟ ಪುಟ್ಟ ಚೌಕದಲ್ಲಿ ಕೂತಿರುತ್ತಾರೆ, ಗೂಡಂಗಡಿಯಲ್ಲಿ ದೇವರ ಪಟ ತೂಗುಹಾಕಿದ ಹಾಗೆ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಬಟ್ಟೆ ಪರೀಕ್ಷಿಸುತ್ತಿದ್ದಾಗ ಅವಳ ಕಾಲು ಹೇಗೆ ಊದಿಕೊಳ್ಳುತ್ತಿತ್ತು, ನೀನೇ ಬಿಸಿನೀರು ಕಾಯಿಸಿ ಇಡುತ್ತಿದ್ದೆ. ಈ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಎಂದು ಅದರಿಂದಲೇ ತಿಳಿದುಕೋ.

ಆದರೆ ಒಂದು ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ. ಹುಬ್ಬಳ್ಳಿಯ ಮಗುವಿನ ತಾಯಿ, ಪಾಠದ ಮಧ್ಯೆ ಕೋಳಿ ಕೂಗುತ್ತದೆ, ಪಾತ್ರೆ ಸದ್ದಾಗುತ್ತದೆ, ಇದು ಶಾಲೆಯೋ ಸಂತೆಯೋ ಎಂದು ಕಂಪನಿಗೆ ದೂರು ಬರೆದಿದ್ದಳಂತೆ. ಅವತ್ತಿನಿಂದ ಸುಧಾಮಣಿ ಬೆನ್ನ ಹಿಂದೆ ಬೂದು ಬಣ್ಣದ ಬೆಡ್‌ಶೀಟ್ ಕಟ್ಟಿ, ಕಿಟಕಿಗೆ ರಟ್ಟು ಹೊಡೆದು, ಫ್ಯಾನನ್ನೂ ಹಾಕದೆ ಕೂರುತ್ತಿದ್ದಳು. ನಾನು ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದೆ. ಅಷ್ಟರಲ್ಲಿ ಕಂಪನಿಯವರ ಅಪ್ಪಣೆ ಬಂತು: ಎಲ್ಲ ಟೀಚರ್‌ಗಳೂ ತಾವು ಕೂರುವ ಜಾಗವನ್ನು ಕ್ರಿಸ್‌ಮಸ್ಸಿಗೆ ಅಲಂಕರಿಸಬೇಕು, ಇಪ್ಪತ್ತನಾಲ್ಕರ ಸಂಜೆಯ ಪಾಠಕ್ಕೆ ತಂದೆ ತಾಯಿಯರೂ ಬಂದು ಕೂರುತ್ತಾರೆ, ಮುಂದಿನ ಅವಧಿಗೆ ತಮ್ಮ ಮಕ್ಕಳಿಗೆ ಯಾವ ಟೀಚರ್ ಬೇಕು ಎಂದು ಅವರೇ ಹೇಳುತ್ತಾರೆ. ಯಾರೂ ಹೆಸರು ಹೇಳದ ಟೀಚರಿಗೆ ಕೆಲಸವಿಲ್ಲ. ಹುಡುಗಿ ಊಟ ಬಿಟ್ಟಳು. "ಬೇರೆ ಟೀಚರ್‌ಗಳ ಮನೆ ಸಿನಿಮಾದಲ್ಲಿದ್ದಂಗದೆ ಮಾವ. ನಂದು ಪರ್ದೆ ಸರಿಸುದ್ರೆ ಗೆದ್ಲು ಹಿಡ್ದ ಗೋಡೆ," ಎಂದಳು. ನಾನು, ಅಲಂಕಾರ ತಾನೇ, ಊರಿಗೆಲ್ಲ ದೀಪ ಹತ್ತಿಸಿದವನಿಗೆ ಒಂದು ಕೋಣೆ ಯಾವ ಲೆಕ್ಕ ಎಂದುಬಿಟ್ಟೆ. ಈ ಮಾತನ್ನು ನೆನಪಿಟ್ಟುಕೋ, ಆಮೇಲೆ ನಗಲು ಬೇಕಾಗುತ್ತದೆ.

ಮೊದಲು ಹಿಂದಿನ ಬೀದಿಯ ನರ್ಸ್ ಶಾಂತಿಯ ಹತ್ತಿರ ಹೋದೆ. ಹಬ್ಬ ಅವರದು, ಕೇಳದೆ ಮಾಡಬಾರದಲ್ಲ. ಅವಳು ಆಸ್ಪತ್ರೆಗೆ ಹೊರಟು ನಿಂತಿದ್ದವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಟ್ಟದಿಂದ ಹಳೆಯ ಕಾಗದದ ನಕ್ಷತ್ರವನ್ನು ತಂದು ಕೊಟ್ಟಳು. ಅವರಪ್ಪ ಬದುಕಿದ್ದಾಗ ಕಟ್ಟುತ್ತಿದ್ದುದಂತೆ. ಮರಕ್ಕೆ ಸರ್ವೆ ಕೊಂಬೆಯೇ ಆಗಬೇಕು, ಕೆಳಗೆ ಸಣ್ಣದೊಂದು ಗೋದಲಿ, ಅಂದರೆ ಕೂಸು ಹುಟ್ಟಿದ ಕೊಟ್ಟಿಗೆ ಇಡಬೇಕು ಎಂದು ತಮಿಳು ಬೆರೆಸಿ ಹೇಳಿಕೊಟ್ಟಳು. ನಾನು ಹಂಗಳಕ್ಕೆ ಹೋಗಿ, ನನ್ನ ಹಳೆಯ ಸಹೋದ್ಯೋಗಿ ಶಿವಶಂಕರನ ತೋಟದಲ್ಲಿ ಒಂದು ಸರ್ವೆ ಕೊಂಬೆ ಕಡಿಸಿಕೊಂಡು, ಅವರ ಮನೆಯ ತೂತು ಬಿದ್ದ ರೇಷ್ಮೆಗೂಡು ಒಂದು ಚೀಲ ತುಂಬಿಸಿಕೊಂಡು ಬಸ್ಸಿನಲ್ಲಿ ಬಂದೆ. ಕೊಂಬೆಗೂ ಟಿಕೆಟ್ ತಗೋಬೇಕು ಎಂದು ಕಂಡಕ್ಟರ್ ಕಿಚಾಯಿಸಿದ. ಪಕ್ಕದ ಮನೆಯ ಕುಲ್ಸುಂ ಬಿ ನಿನಗೆ ಗೊತ್ತಲ್ಲ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಬೀದಿಯಲ್ಲಿ ಏನು ನಡೆಯುತ್ತದೆ ಎಂದು ಹೇಳುವವಳು. ಕೊಂಬೆ ಹೊತ್ತು ಬಂದದ್ದನ್ನು ಕಂಡು ಏನೆಂದು ವಿಚಾರಿಸಿ, ಮದುವೆ ಬಟ್ಟೆಗಳಿಂದ ಉಳಿದ ಜರಿ ಅಂಚು, ಲೇಸು, ಮಣಿ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ತಂದು ಸುರಿದಳು. ಇನ್ನು ನಾನು ಮಾಡಿದ ಒಂದು ಕೆಲಸಕ್ಕೆ ನೀನು ಕೋಪ ಮಾಡಿಕೊಳ್ಳಬಾರದು. ಅಟ್ಟದ ಮೇಲೆ ಹಳೇ ಸೀರೆ ಸುತ್ತಿ ಇಟ್ಟಿದ್ದೆಯಲ್ಲ, ಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಿಕೆ, ಅದನ್ನು ಇಳಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ಒರಗಿಸಿ, ಆ ಸುರುಳಿ ಸುರುಳಿ ಬಿದಿರಿನ ಸಂದಿನಲ್ಲೆಲ್ಲ ಬಣ್ಣದ ಲೈಟಿನ ಸರ ಹಾಯಿಸಿದೆವು. ರೇಷ್ಮೆಗೂಡಿಗೆ ದಾರ ಪೋಣಿಸಿ, ಕುಲ್ಸುಂ ಬಿಯ ಜರಿ ಕಟ್ಟಿ ಸರ್ವೆ ಕೊಂಬೆಗೆ ತೂಗುಬಿಟ್ಟೆವು. ಸುಧಾಮಣಿ ದೂರ ನಿಂತು ನೋಡಿ ಮೊದಲ ಬಾರಿಗೆ ನಕ್ಕಳು. ಆದರೂ ಬೂದು ಬೆಡ್‌ಶೀಟ್ ಮಾತ್ರ ಬಿಚ್ಚಗೊಡಲಿಲ್ಲ. ಅದರ ಮುಂದೆಯೇ ಎಲ್ಲವನ್ನೂ ಜೋಡಿಸಬೇಕಾಯಿತು. ನಿನಗೆ ಸಮಾಧಾನವಾಗಲಿ ಎಂದು ಹೇಳುತ್ತೇನೆ, ಈ ಗಲಾಟೆಯ ಮಧ್ಯೆ ದೇವರ ಮನೆಯ ದೀಪವನ್ನು ಒಂದು ದಿನವೂ ತಪ್ಪಿಸಿಲ್ಲ.

ಇಪ್ಪತ್ತನಾಲ್ಕರ ಸಂಜೆ ಪಾಠ ಶುರುವಾಯಿತು. ಸುಧಾಮಣಿ ಮದುವೆಯ ಕೆಂಪು ಸೀರೆ ಉಟ್ಟಿದ್ದಳು. ಮಕ್ಕಳ ಚೌಕಗಳಲ್ಲಿ ಅಪ್ಪ ಅಮ್ಮಂದಿರೂ ಇಣುಕುತ್ತಿದ್ದರು, ಹುಬ್ಬಳ್ಳಿಯ ಆ ತಾಯಿಯೂ. ಕಂಪನಿಯ ದೊಡ್ಡವರೊಬ್ಬರು ಮುಖ ತೋರಿಸದೆ ಹೆಸರಷ್ಟನ್ನೇ ಇಟ್ಟುಕೊಂಡು ಕೂತಿದ್ದರು. ನನ್ನ ಕೆಲಸ, ಅವಳು ಕೈಸನ್ನೆ ಮಾಡಿದಾಗ ಸ್ವಿಚ್ ಹಾಕುವುದು. ಸನ್ನೆ ಮಾಡಿದಳು, ಹಾಕಿದೆ. ಚಂದ್ರಿಕೆ ಝಗ್ಗನೆ ಹೊತ್ತಿತು, ನಕ್ಷತ್ರ ಹೊತ್ತಿತು, ಮಕ್ಕಳು ಓ ಎಂದರು. ಅಷ್ಟೇ. ಟಪ್ ಎಂದು ಸದ್ದಾಗಿ ಇಡೀ ಮನೆಯ ಕರೆಂಟು ಹೋಯಿತು. ನಾನೇ ಜೋಡಿಸಿದ ವಯರು ಶಾರ್ಟಾಗಿ, ಮೇನ್ ಫ್ಯೂಜಿನ ಪಿಂಗಾಣಿಯೇ ಎರಡು ಹೋಳಾಗಿತ್ತು. ಬೀದಿಯಲ್ಲೆಲ್ಲ ಕರೆಂಟು ಇದೆ, ಲೈನ್‌ಮನ್ ಗುರುಮಲ್ಲಯ್ಯನ ಮನೆಯಲ್ಲಿ ಮಾತ್ರ ಇಲ್ಲ. ಈಗ ನಗು.

ಆಗ ನಗು ಬರಲಿಲ್ಲ. ಇಂಟರ್‌ನೆಟ್ ಹೋಗಿ ಮಕ್ಕಳೆಲ್ಲ ಪರದೆಯಿಂದ ಮಾಯವಾದರು. ಕಿಟಕಿಗೆ ರಟ್ಟು ಹೊಡೆದ ಆ ಕೋಣೆಯಲ್ಲಿ ಸೊಸೆಯ ಮುಖ ಸಹ ಕಾಣಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಅಂಗಡಿಗೆ ಓಡಿ ಹೊಸ ಫ್ಯೂಜು ತರುತ್ತೇನೆ ಎಂದೆ. ಅಷ್ಟರಲ್ಲಿ ಪಾಠದ ಹೊತ್ತೇ ಮುಗಿಯುತ್ತದೆ ಎಂದಳು. ತನ್ನ ಮೊಬೈಲಿನಲ್ಲೇ ತರಗತಿಗೆ ಸೇರಿ ಕ್ಷಮೆ ಕೇಳಿ ಮುಗಿಸೋಣ ಎಂದು, ಸಿಗ್ನಲ್ ಹುಡುಕುತ್ತ ಹಿತ್ತಲ ಬಾಗಿಲಿಗೆ ಹೋದಳು. ಮಕ್ಕಳು ಒಬ್ಬೊಬ್ಬರಾಗಿ ಮತ್ತೆ ಕಾಣಿಸಿಕೊಂಡರು. ಅವಳು ಬಾಯಿ ತೆರೆಯುವ ಮೊದಲೇ ಕೊಚ್ಚಿಯ ಹುಡುಗಿ, ಟೀಚರ್, ನಿಮ್ಮ ಹಿಂದೆ ಏನೋ ಓಡಿತು ಎಂದಳು. ನಮ್ಮ ಕೆಂಪು ಕೋಳಿ, ಮರಿಗಳ ಸಮೇತ. ಸುಧಾಮಣಿ ಥಟ್ಟನೆ ಫೋನನ್ನು ಎದೆಗೆ ಒತ್ತಿಕೊಂಡಳು. ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಫೋನಿನೊಳಗಿಂದ ಮಕ್ಕಳು ತೋರಿಸಿ ತೋರಿಸಿ ಎನ್ನುವುದು ಅವಳ ಸೀರೆಯೊಳಗಿಂದಲೇ ಕೇಳುತ್ತಿತ್ತು. ಕೊನೆಗೆ ಅವಳು, "ಬುಡಿ ಮಾವ, ಕಂಡ್ರೆ ಕಾಣ್ಲಿ," ಎಂದು ಫೋನನ್ನು ಕೋಳಿಯ ಕಡೆಗೆ ತಿರುಗಿಸಿದಳು.

ಮುಂದಿನದನ್ನು ನೀನು ನೋಡಬೇಕಿತ್ತು ಗುರುಮಲ್ಲಿ. ಮರಿ ಎಷ್ಟಿವೆ ಎಣಿಸಿ ಎಂದಳು. ಅವು ನಿಲ್ಲುತ್ತವೆಯೇ? ಒಂದು ಮಗು ಒಂದು ಲೆಕ್ಕ ಹೇಳಿದರೆ ಇನ್ನೊಂದು ಬೇರೆಯದೇ ಹೇಳುತ್ತದೆ. ಜಗಳವೇ ಆಯಿತು. ಹಾಗಾದರೆ ಕಾಲು ಎಣಿಸಿ ಎರಡರಿಂದ ಭಾಗಿಸಿ ಎಂದಳು, ಗದ್ದಲ ಇನ್ನೂ ಹೆಚ್ಚಿತು. ಅಷ್ಟರಲ್ಲಿ ನಾನು ಸರ್ವೆ ಕೊಂಬೆಯನ್ನು ನೆಟ್ಟಿದ್ದ ಬಕೆಟ್ಟಿನ ಸಮೇತ ಹಿತ್ತಲಿಗೆ ಹೊತ್ತು ತಂದೆ, ಚಂದ್ರಿಕೆಯನ್ನು ಒಗೆಯುವ ಕಲ್ಲಿಗೆ ಒರಗಿಸಿದೆ, ನಕ್ಷತ್ರವನ್ನು ನುಗ್ಗೆ ಮರಕ್ಕೆ ಕಟ್ಟಿದೆ. ದೀಪವಿಲ್ಲದಿದ್ದರೂ ಇಳಿಬಿಸಿಲು ಅದರ ಕಾಗದದಲ್ಲಿ ಹಾದು ಚೆನ್ನಾಗಿಯೇ ಕಂಡಿತು. ಈ ತಟ್ಟೆ ಏನು ಎಂದು ತಿರುಪ್ಪೂರಿನ ಹುಡುಗ ಕೇಳಿದ್ದಕ್ಕೆ ಸುಧಾಮಣಿ, ನಮ್ಮತ್ತೆ ಇದರ ಮೇಲೆ ಹುಳುಗಳನ್ನು ಬಿಟ್ಟರೆ ಅವು ಬಾಯಿಂದ ನೂಲು ತೆಗೆದು ಮನೆ ಕಟ್ಟಿಕೊಳ್ಳುತ್ತಿದ್ದವು, ನಾನು ಉಟ್ಟಿರುವ ಸೀರೆ ಅಂಥ ನೂಲಿನದೇ ಎಂದು ಸೆರಗು ಹಿಡಿದು ತೋರಿಸಿದಳು. ನೀನು ಕಟ್ಟಿಸಿದ ಗೂಡುಗಳ ವಿಷಯ ಅಷ್ಟು ಹೆಮ್ಮೆಯಿಂದ ಹೇಳಿದ್ದನ್ನು ನಾನು ಅವಳ ಬಾಯಲ್ಲಿ ಅವತ್ತೇ ಕೇಳಿದ್ದು. ಗಲಾಟೆ ಕೇಳಿ ಕುಲ್ಸುಂ ಬಿ ಗೋಡೆಯ ಆಚೆಯಿಂದ ತಲೆ ಎತ್ತಿದಳು. ಅವಳಿಗೂ ಸಲಾಮ್ ಹೇಳಿಸಿದ್ದಾಯಿತು. ಡ್ಯೂಟಿ ಮುಗಿಸಿ ಬಂದ ಶಾಂತಿ ಬಿಳಿ ಸಮವಸ್ತ್ರದಲ್ಲೇ ಮಣ್ಣಿನ ಮೇಲೆ ಕೂತು, ಒಣಹುಲ್ಲು ಹರಡಿ ಗೋದಲಿ ಮಾಡಿದಳು. ಕೂಸು ಹುಟ್ಟಿದಾಗ ಛತ್ರದಲ್ಲಿ ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಮಲಗಿಸಿದರು ಎಂದು ಹೇಳುತ್ತಿದ್ದಾಗ, ಹುಬ್ಬಳ್ಳಿಯ ಮಗು, ಅಲ್ಲಿ ಕೋಳಿಯೂ ಇತ್ತಾ ಎಂದು ಕೇಳಿತು. ಶಾಂತಿ ಗಂಭೀರವಾಗಿ ಯೋಚಿಸಿ, "ನಾ ನೋಡಿಲ್ಲ ಕಣಮ್ಮಿ, ಇದ್ದಿರ್ಬೇಕು," ಎಂದಳು.

ಎಲ್ಲ ಮುಗಿಯುವ ಹೊತ್ತಿಗೆ ದೂರು ಕೊಟ್ಟಿದ್ದ ಆ ತಾಯಿ ಮಗುವನ್ನು ಸರಿಸಿ ತಾನೇ ಮುಂದೆ ಬಂದಳು. ಅವತ್ತು ಕೂಗಿದ್ದು ಇದೇ ಕೋಳಿಯಾ ಎಂದು ಕೇಳಿದಳು. ಅಲ್ಲ, ಅದು ಹುಂಜ, ಗೋಡೆ ಮೇಲಿದೆ ಎಂದು ಸುಧಾಮಣಿ ಅದನ್ನೂ ತೋರಿಸಿದಳು. ಆ ತಾಯಿ ಅದನ್ನು ನೋಡಿ, ನಮ್ಮ ಅಜ್ಜಿಯ ಮನೆಯಲ್ಲೂ ಹೀಗೇ ಇತ್ತು ಎಂದಳು. ಕಂಪನಿಯ ದೊಡ್ಡವರು ಕೊನೆಯವರೆಗೂ ಮುಖ ತೋರಿಸದೆಯೇ ಹೊರಟುಹೋದರು. ನೆನ್ನೆ ಹಬ್ಬದ ದಿನ, ಶಾಂತಿ ಕಳಿಸಿದ ಕೇಕನ್ನು ನಾವು ತಿನ್ನುತ್ತಿದ್ದಾಗ ಸುಧಾಮಣಿಯ ಫೋನಿಗೆ ಸುದ್ದಿ ಬಂತು. ಅಲಂಕಾರದ ಬಹುಮಾನ ಕೊಯಮತ್ತೂರಿನ ಟೀಚರಿಗಂತೆ, ಅವರದು ಮನೆಯೊಳಗೇ ಹಿಮ ಸುರಿಯುವ ಹಾಗೆ ಇತ್ತಂತೆ. ನಮಗೆ ಏನೂ ಇಲ್ಲ. ಆದರೆ ಅವಳ ತರಗತಿಯ ತಂದೆ ತಾಯಿಯರು ಒಬ್ಬರೂ ಬಿಡದೆ ಅವಳ ಹೆಸರನ್ನೇ ಹೇಳಿದ್ದಾರೆ. ಓದಿ ಮುಗಿಸಿ ಅವಳು ಅಳುತ್ತಾ ಕೂತಳು. ಕನಕರಾಜು ಏನು ಮಾಡಬೇಕೆಂದು ತಿಳಿಯದೆ ಕೇಕಿನ ತಟ್ಟೆ ಹಿಡಿದೇ ನಿಂತಿದ್ದ, ಥೇಟ್ ನನ್ನ ಹಾಗೆ. ನಾನು ಎದ್ದುಹೋಗಿ, ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದಿಟ್ಟಿದ್ದ ಹೊಸ ಫ್ಯೂಜು ಹಾಕಿದೆ.

ದೊಡ್ಡಮಲ್ಲಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಗುರುಮಲ್ಲೇಶ್ವರ ಇಬ್ಬರ ಕಾಲಿಗೂ ಬಲ ಕೊಡಲಿ. ಬೆಳಿಗ್ಗೆ ಮಂಜಿನಲ್ಲಿ ತಲೆಗೆ ಬಟ್ಟೆ ಕಟ್ಟದೆ ಹೊರಗೆ ಬರಬೇಡ.

ಒಬ್ಬನೇ ಊಟಕ್ಕೆ ಕೂರುವುದನ್ನು ಇನ್ನೂ ಕಲಿಯದ ನಿನ್ನ,
ಗುರುಮಲ್ಲಯ್ಯ

ಮರೆತ ಸಾಲು: ಕನಕರಾಜು ಬೈಕ್ ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ಮೊದಲೇ ಬರೆಯಬೇಕಿತ್ತು. ಸುಧಾಮಣಿ ಇವತ್ತು ಬೆಳಿಗ್ಗೆ ತಾನೇ ಬೆಡ್‌ಶೀಟ್ ಬಿಚ್ಚಿ, ಮೇಜನ್ನು ಪಡಸಾಲೆಗೆ ಎಳೆದು ತಂದಿದ್ದಾಳೆ. ಹುಳದ ಮನೆಯನ್ನು ತೊಳೆದು, ಕಿಟಕಿ ತೆರೆದು, ಮಂಚ ಹಾಕಿದ್ದಾಳೆ. "ದೊಡ್ಡತ್ತೆ ಇಲ್ಲಿಗೇ ಬಂದು ಇರ್ಲಿ ಮಾವ. ಬಚ್ಚಲು ಪಕ್ಕದಲ್ಲೇ ಅದೆ, ಮೆಟ್ಲು ಇಳಿಯಂಗಿಲ್ಲ. ನಂಗೆ ಇನ್ ಬಾಗ್ಲು ಹಾಕೊಂಡು ಕೂರದು ಬ್ಯಾಡ," ಎಂದಳು. ಅಕ್ಕನನ್ನು ಇಲ್ಲಿಗೆ ಕರೆತರಬೇಕೆಂದು ದೀಪಾವಳಿಯಿಂದ ನಿನ್ನ ಮನಸ್ಸಿನಲ್ಲಿತ್ತು, ಆ ಕೋಣೆ ಕೇಳಬೇಕಾಗುತ್ತದೆಂದು ನೀನು ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು, ನಾನೂ ಬಿಡಲಿಲ್ಲ. ಕೇಳದೆಯೇ ಕೊಟ್ಟಳು ನೋಡು. ಭಾನುವಾರ ಬೆಳಿಗ್ಗೆ ಕಾರು ತರುತ್ತೇವೆ. ಅಕ್ಕ ಬೇಡವೆಂದೇ ಹೇಳುತ್ತಾರೆ. ಅದಕ್ಕೆ ಅವರ ಬಟ್ಟೆಯನ್ನು ಮೊದಲು ಕಟ್ಟು, ನಿನ್ನದು ಆಮೇಲೆ.