ಹಬೆಮನೆಗೆ ಬೀಗ

ಐರನ್‌ವುಡ್, ಮಿಷಿಗನ್
ಅಕ್ಟೋಬರ್ 14, 2012, ಭಾನುವಾರ

ನನ್ನ ತಮ್ಮ ತೌನೋನ ಅಡುಗೆಮನೆಯಲ್ಲಿ ಕಾಫಿ ಹಿಡಿದು ನೆರೆದಿರುವ ಮಹಾಜನರೇ, ತೌನೋನ ಹೆಂಡತಿ ಮಾರ್ತಾ, ಮಕ್ಕಳೇ, ಮೊಮ್ಮಕ್ಕಳೇ, ಮೇಜಿನಡಿ ಮಲಗಿದ ನಾಯಿಯೇ,

ಎಲ್ಲರೂ ಕಿವಿಗೊಡಿ. ತೌನೋ, ನೀನು ಎದ್ದು ನಿಂತು ಓದು. ಕೊನೆಯ ಸಾಲಿನವರಿಗೂ ಕೇಳಿಸಬೇಕು. ಫೋನಿನಲ್ಲಾದರೆ ನೀನು ಅರ್ಧ ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಇಂದು ಸಂಜೆ ಸೇತುವೆ ದಾಟಿ ನಿಮ್ಮ ವಿಸ್ಕಾನ್ಸಿನ್ನಿಗೆ ಬರುವ ಪಕ್ಕದ ಮನೆಯ ಇಂಪಿಯ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಮೊದಲು ಸಮಾಚಾರ. ನಿನ್ನ ಅತ್ತಿಗೆ ಐಲಿ ಈ ವಾರ ಎರಡು ಸಲ ರೈ ಧಾನ್ಯದ ರೊಟ್ಟಿಗೆ ಹಿಟ್ಟು ನಾದಿದಳು. ಆಪರೇಷನ್ ಆದಮೇಲೆ ನೋವಿನ ಗುಳಿಗೆಗಳು ಅವಳನ್ನು ಹಗಲೂ ಮಲಗಿಸುತ್ತಿದ್ದವು. ಗಾಂಜಾ ಎಣ್ಣೆಯ ನಾಲ್ಕು ಹನಿ ಅವಳನ್ನು ಒಲೆಯ ಮುಂದೆ ನಿಲ್ಲಿಸಿದೆ. ವೈದ್ಯರು ಬರೆದುಕೊಟ್ಟಿದ್ದಾರೆ, ನಮ್ಮ ಮಿಷಿಗನ್ ಸರ್ಕಾರ ಪರವಾನಗಿ ಚೀಟಿ ಕೊಟ್ಟಿದೆ. ಅವಳಿಗಾಗಿ ಹನ್ನೆರಡು ಗಿಡ ಬೆಳೆಯುವ ಹಕ್ಕು ನನಗಿದೆ. ಒಂದೇ ಷರತ್ತು: ಗಿಡಗಳು ಬೀಗದೊಳಗಿರಬೇಕು, ಕೀಲಿ ನನ್ನೊಬ್ಬನಲ್ಲಿರಬೇಕು.

ಇಲ್ಲಿ ನಾನು ಎಡವಿದೆ. ಕಳೆದ ತಿಂಗಳು ನೆಲಮಾಳಿಗೆ ತಣ್ಣಗಾಯಿತೆಂದು ಕುಂಡಗಳನ್ನೆಲ್ಲ ಹಿತ್ತಲಿನ ಹಬೆಮನೆಯಲ್ಲಿ ಬಟ್ಟೆ ಕಳಚುವ ಹೊರಕೋಣೆಗೆ ಸಾಗಿಸಿದೆ. ಒಲೆಯ ಕಾವಿಗೆ ಎಲೆಗಳು ಅಂಗೈಯಗಲವಾದವು. ಆದರೆ ಆ ಬಾಗಿಲಿಗೆ ಚಿಲಕವೇ ಇಲ್ಲ. ಅಪ್ಪ ಕಟ್ಟಿದ್ದೇ ಹಾಗೆ: ಚಳಿಯಲ್ಲಿ ಬಂದವನು ಯಾರೇ ಆಗಲಿ, ಕೇಳದೆ ಒಳಗೆ ಬಂದು ಬೆವರಿ ಹೋಗಬೇಕು.

ನಿನ್ನೆ ಶನಿವಾರ. ಬಂದವನು ಸಲ್ಮೆಲಾ ಮನೆಯ ವೇಯ್ನ್, ಈ ಬೇಸಿಗೆಯಲ್ಲಷ್ಟೇ ಪೊಲೀಸಾದವನು. ಪ್ಯಾಂಟು ತೂಗುಹಾಕಲು ಮೊಳೆ ಹುಡುಕುತ್ತ ಗಿಡಗಳ ನಡುವೆ ನಿಂತುಬಿಟ್ಟ. ಸೊಂಟಕ್ಕೆ ಟವೆಲ್ ಬಿಟ್ಟರೆ ಮೈಮೇಲೆ ಏನಿಲ್ಲ. ನಾನು ಚೀಟಿ ತೋರಿಸಿದೆ. ಅವನು ಓದಿದ, ಕುಂಡ ಎಣಿಸಿದ.

"ಉರ್ಹೊ ಮಾವ, ಹನ್ನೊಂದೇ ಇದೆಯಲ್ಲ?"

ಒಂದು ಬೇರು ಕೊಳೆತು ಸತ್ತಿತು, ಒಲೆಗೆ ಹಾಕಿದೆ ಎಂದೆ.

"ಅದಿರ್ಲಿ. ಬೀಗ ಎಲ್ಲಿ?"

"ಹಬೆಮನೆಗೆ ಬೀಗ ಹಾಕೋರು ಯಾರಪ್ಪ? ನಿಮ್ಮಜ್ಜ ಕೇಳಿದ್ರೆ ನನ್ನ ಮುಖಕ್ಕೆ ಬಿಸಿನೀರು ಎರಚ್ತಿದ್ದ."

"ಅಜ್ಜ ಜಡ್ಜ್ ಆಗಿರ್ಲಿಲ್ವಲ್ಲ ಮಾವ. ಬೀಗ ಇಲ್ದಿದ್ರೆ ನಿಮ್ಮ ಚೀಟಿ ಬರೀ ಕಾಗದ. ಟವೆಲ್ ಸುತ್ಕೊಂಡು ನಾನು ಯಾರನ್ನೂ ಹಿಡಿಯಲ್ಲ. ಸೋಮವಾರ ಹತ್ತು ಗಂಟೆಗೆ ಬ್ಯಾಡ್ಜ್ ಹಾಕ್ಕೊಂಡು ಬರ್ತೀನಿ. ಬಾಗಿಲು ಹೀಗೇ ಇದ್ರೆ ಗಿಡಾನೂ ಹೋಗುತ್ತೆ, ನೀವೂ ಹೋಗ್ತೀರಿ. ಐಲಿ ಅತ್ತೆಗೆ ರೊಟ್ಟಿ ಸುಡೋಕೂ ಆಗಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಮೇಲಿನ ಹಲಗೆಯಲ್ಲಿ ಕೂತ, ಬಿಸಿಕಲ್ಲಿನ ಮೇಲೆ ನೀರು ಹಾಕಿದ. ನಾನೂ ಪಕ್ಕದಲ್ಲಿ ಕೂತೆ.

ಇಂದು ಮಧ್ಯಾಹ್ನ ಅಪ್ಪನ ಬಾಗಿಲಿಗೆ ಬೀಗ ಜಡಿದೆ. ನಮ್ಮ ಊರ ಹಾಲ್‌ನ ನಾಟಕಗಳಲ್ಲಿ ರಂಗದ ಮೇಲೆ ನಾನು ಎಷ್ಟೋ ಸಲ ಸತ್ತಿದ್ದೇನೆ, ಅದು ಸುಲಭವಾಗಿತ್ತು. ಇಂದು ಒಂದೊಂದು ಸ್ಕ್ರೂ ತಿರುಗಿಸುವುದೂ ಅದಕ್ಕಿಂತ ಕಷ್ಟವಾಯಿತು. ಇನ್ನು ಮೇಲೆ ಬರುವವರು ಮನೆಯ ಬಾಗಿಲು ತಟ್ಟಿ ನನ್ನನ್ನು ಕರೆಯಿರಿ. ಕೋಪಿಸಿಕೊಳ್ಳಬೇಡಿ.

ನಿಮ್ಮೆಲ್ಲರ,
ಉರ್ಹೊ

ತೌನೋ, ಈ ಇನ್ನೊಂದು ಹಾಳೆಯನ್ನು ಗಟ್ಟಿಯಾಗಿ ಓದಬೇಡ. ಯಾವ ಗಿಡವೂ ಸತ್ತಿಲ್ಲ. ಶುಕ್ರವಾರ ನಾವು ಆಸ್ಪತ್ರೆಗೆ ಹೋಗಿದ್ದಾಗ ಹಬೆಮನೆಗೆ ಬಂದು ಒಂದು ಗಿಡ ಒಯ್ದವನು ನೀನು. ಹನ್ನೆರಡನೇ ಕುಂಡದ ಜಾಗದಲ್ಲಿ, ಬೆವರುವಾಗ ಮೈಗೆ ಬಡಿದುಕೊಳ್ಳುವ ನಿನ್ನ ಬರ್ಚ್ ಎಲೆಯ ಕಟ್ಟು ಬಿದ್ದಿತ್ತು. ಅದಕ್ಕೆ ಕೆಂಪು ಉಣ್ಣೆಯ ದಾರ ಕಟ್ಟುವವನು ಈ ಎರಡು ಊರಿಗೆ ನೀನೊಬ್ಬನೇ. ಮಾರ್ತಾಳ ಬೆರಳ ಗಂಟುಗಳ ನೋವಿಗೇ ಒಯ್ದೆ ಎಂದು ನಮಗೂ ಗೊತ್ತು. ಆದರೆ ಸೇತುವೆಯ ಆಚೆ ಯಾವ ಚೀಟಿಯೂ ಇಲ್ಲ. ಅಲ್ಲಿ ಆ ಗಿಡಕ್ಕೆ ನೀನು ಜೈಲಿಗೆ ಹೋಗುತ್ತೀಯ, ಕೊಟ್ಟವನೆಂದು ನಾನೂ ಹಿಂದೆಯೇ ಬರುತ್ತೇನೆ. ಐಲಿ ಮತ್ತೆ ಗುಳಿಗೆ ನುಂಗಿ ಮಲಗುತ್ತಾಳೆ. ಅದನ್ನು ಯಾರಿಗೂ ಕೊಡಬೇಡ, ವಾಪಸ್ಸೂ ತರಬೇಡ.

ಬೆರಳ ನೋವಿಗೆ ಹಬೆಯ ಕಾವೂ ಮದ್ದೇ, ಕಾವಿಗೆ ಯಾವ ರಾಜ್ಯವೂ ಚೀಟಿ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಹಬೆಮನೆಯ ಒಲೆ ಹೊತ್ತಿಸಿ, ಬೀಗ ಹಾಕಿ, ಏಳಕ್ಕೆ ಖಾಲಿ ಕಾರಿನಲ್ಲಿ ನಿಮ್ಮ ಮನೆಗೆ ಬರುತ್ತೇನೆ. ಗಿಡವನ್ನು ನಿನ್ನ ಕೈಯಿಂದಲೇ ನಿನ್ನ ಒಲೆಗೆ ಹಾಕಿಸಿ, ಮಾರ್ತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದು, ಹತ್ತು ಹೊಡೆಯುವ ಮೊದಲು ಅವಳಿಗಾಗಿ ಆ ಬೀಗ ತೆಗೆಯುತ್ತೇನೆ.